ಮಳೆಗೆ ಮೊದಲು ಗೌಂಡಿಯನ್ನು ಕರೆಯೋಣ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬಿಸಿಲಿನಲ್ಲಿ ಬಸ್ಸು, ಟಂಟಂ ಹತ್ತಿ ಇಷ್ಟು ದೂರ ಬಂದಿದ್ದೀರಿ. ನೆತ್ತಿ ಸುಡುವ ಈ ಬಿಸಿಲಿನಲ್ಲಿ ಮಳೆಯ ಮಾತು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೂ ನಾವು ಮಾಡುವುದು ಅದನ್ನೇ. ಮಾಳಿಗೆ ಸೋರಲು ಶುರುವಾದ ಮೇಲೆ ಗೌಂಡಿಯನ್ನು ಹುಡುಕುತ್ತೇವೆ. ಆಗ ಊರಿನ ಎಲ್ಲರೂ ಅವನನ್ನೇ ಹುಡುಕುತ್ತಿರುತ್ತಾರೆ. ಅವನು ಸಿಗುವುದಿಲ್ಲ, ಸಿಕ್ಕರೆ ಕೇಳಿದಷ್ಟು ಕೊಡಬೇಕು. ಅದಕ್ಕೇ ಈ ಮಾತನ್ನು ರೋಹಿಣಿ ಮಳೆಗೆ ಮೊದಲೇ ಆಡಬೇಕು ಎಂದು ನಾವು ತೀರ್ಮಾನಿಸಿದೆವು.

ನಮ್ಮದು ಎರಡು ಹೊಳೆಗಳ ನಡುವಿನ ಜಿಲ್ಲೆ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ಹೆಚ್ಚಿನ ವರ್ಷ ಮಳೆ ಕಡಿಮೆ, ಬರಗಾಲದ್ದೇ ಚಿಂತೆ. ಆದ್ದರಿಂದ ಮನೆ ಕಟ್ಟುವಾಗ ನೀರಿನ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಆದರೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಿಕ್ಕಿಲ್ಲ. ಹಸ್ತ ಮಳೆ ಹಗಲು ರಾತ್ರಿ ಬಿಡದೆ ಸುರಿಯಿತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಹೊಳೆಯಲ್ಲಿ ಕೊಚ್ಚಿಹೋದವರಷ್ಟೇ ಅಲ್ಲ, ತಮ್ಮದೇ ಮನೆಯ ಮಣ್ಣಿನ ಗೋಡೆ ಕುಸಿದು ಅದರ ಕೆಳಗೆ ಸತ್ತವರೂ ಬಹಳ ಮಂದಿ. ಆಮೇಲೆ ಆಸರೆ ಯೋಜನೆಯಲ್ಲಿ ಎಷ್ಟೋ ಊರುಗಳಿಗೆ ಹೊಸ ಮನೆಗಳಾದವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತೆ ತುಂಬಿ ಬಂದು ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. ಹೊಳೆ ತುಂಬಿದರೆ ಸರಕಾರ ಬರುತ್ತದೆ, ಪತ್ರಿಕೆಯವರು ಬರುತ್ತಾರೆ. ನಮ್ಮ ಅಂಗಳದಲ್ಲಿ ನಿಂತ ನೀರಿಗೆ, ನಮ್ಮ ಮಾಳಿಗೆಯ ಸೋರುವಿಕೆಗೆ ಯಾರೂ ಬರುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿ ಮುಂದೆ ಹೋಗುತ್ತೇವೆ. ಬೇರೆಯವರ ತಪ್ಪು ಹೇಳುವುದು ಸುಲಭ.

ಕೆಲವು ವರ್ಷಗಳ ಹಿಂದೆ ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಾವು ಹೊಲಿಗೆ ತರಬೇತಿ ಕೇಂದ್ರ ನಡೆಸುತ್ತಿದ್ದೆವು. ಮಳೆ ಬಂದರೆ ಅಂಗಳದಲ್ಲಿ ಮೊಣಕಾಲುದ್ದ ನೀರು. ಗಟಾರ ಮಾಡಿಸಬೇಕು ಎಂದು ಪಟ್ಟಣದ ಒಬ್ಬ ಗುತ್ತಿಗೆದಾರನನ್ನು ಕರೆದೆವು. ಅವನ ಹತ್ತಿರ ಕಾರ್ಡು ಇತ್ತು, ಬೈಕು ಇತ್ತು, ಮಾತು ಬಹಳ ಚೆನ್ನಾಗಿತ್ತು. ಎಲ್ಲರಿಗಿಂತ ಕಡಿಮೆ ದರ ಹೇಳಿದ. ಸಾಮಾನು ತರಬೇಕು ಅಂದದ್ದಕ್ಕೆ ಮುಕ್ಕಾಲು ಹಣ ಮುಂಗಡ ಕೊಟ್ಟೆವು. ಚೀಟಿ ಬರೆಸಲಿಲ್ಲ. ಅದೇ ಊರಿನ ಒಬ್ಬ ಗೌಂಡಿ ದಾರಿಯಲ್ಲಿ ಹೋಗುವಾಗ ನಿಂತು ನೋಡಿ, ‘ಸಿಸ್ಟರ್, ನೀರು ಹಿಂದಕ್ಕ ಹೋಗಂಗಿಲ್ರೀ. ಮೂಡಲ ಕಡೆ ಹಳ್ಳಕ್ಕ ಇಳಿಸಬೇಕ್ರೀ’ ಅಂದ. ಕೆಲಸ ತನಗೆ ಸಿಗಲಿಲ್ಲ ಎಂದು ಹೀಗೆ ಹೇಳುತ್ತಾನೆ ಅಂದುಕೊಂಡು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಗಟಾರ ನೋಡಲು ಚಂದ ಆಯಿತು. ಅದು ಹೋಗಿ ಮುಗಿದದ್ದು ಹಿಂದಿನ ಮನೆಯ ಮಣ್ಣಿನ ಗೋಡೆಯ ಬುಡದಲ್ಲಿ. ಆ ಮನೆ ನಮ್ಮದೇ ಸಂಘದ ಒಬ್ಬ ವಿಧವೆ ತಾಯಿಯದು. ಮಗಳ ಮಗನನ್ನು ಸಾಕಿಕೊಂಡಿದ್ದರು. ಸೆಪ್ಟೆಂಬರ್‌ನಲ್ಲಿ ಎರಡು ದಿನ ಜಡಿಮಳೆ ಹಿಡಿಯಿತು. ನಮ್ಮ ಅಂಗಳದ ನೀರೆಲ್ಲ ಹೋಗಿ ಆ ಗೋಡೆ ನೆನೆದು, ಎರಡನೆಯ ರಾತ್ರಿ ಬಿತ್ತು. ಆ ಮೂಲೆಯಲ್ಲಿ ಮಾಳಿಗೆ ಸೋರುತ್ತಿತ್ತು ಎಂದು ಅಜ್ಜಿ ಮೊಮ್ಮಗ ಅವತ್ತು ಇನ್ನೊಂದು ಮೂಲೆಗೆ ಹೋಗಿ ಮಲಗಿದ್ದರು. ಅದರಿಂದ ಜೀವ ಉಳಿಯಿತು. ಕಟ್ಟಿದ್ದ ಎರಡು ಆಡು ಸತ್ತವು. ಬೆಳಿಗ್ಗೆ ಆ ತಾಯಿ ಬಂದು ನಮ್ಮನ್ನು ಬೈಯಲಿಲ್ಲ. ‘ನಿಮ್ಮ ಅಂಗಳ ಒಣಗೈತಲ್ಲ ಸಿಸ್ಟರ್, ಸಾಕು ಬಿಡ್ರಿ’ ಅಂದರು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಗುತ್ತಿಗೆದಾರನ ಫೋನು ಸ್ವಿಚ್ ಆಫ್. ಅದೇ ಊರಿನ ಗೌಂಡಿಯ ಮನೆಗೆ ನಾವೇ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡೆವು. ಅವನೂ ಅವನ ಹೆಂಡತಿಯೂ ಬಂದು ಗೋಡೆ ಕಟ್ಟಿಕೊಟ್ಟರು, ಗಟಾರವನ್ನು ಹಳ್ಳದ ಕಡೆ ತಿರುಗಿಸಿದರು. ಗೋಡೆಯ ಖರ್ಚು, ಆಡಿನ ಬೆಲೆ ನಾವು ಕೊಟ್ಟೆವು. ಒಂದೇ ಗಟಾರಕ್ಕೆ ಎರಡು ಸಲ ದುಡ್ಡು. ಅಂದು ನಾವು ಕಲಿತದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ.

ಒಂದನೆಯದು: ನೀರಿನ ದಾರಿ ನಮಗೆ ಗೊತ್ತಿರಬೇಕು

ಗೌಂಡಿಯನ್ನು ಕರೆಯುವ ಮೊದಲು ಮನೆಯನ್ನು ಒಂದು ಸುತ್ತು ಹಾಕಿ. ಮಾಳಿಗೆ ನೀರು ಎಲ್ಲಿ ಬೀಳುತ್ತದೆ? ಬಚ್ಚಲ ನೀರು ಎಲ್ಲಿ ನಿಲ್ಲುತ್ತದೆ? ಬೀದಿಯ ನೀರು ಯಾವ ಕಡೆಯಿಂದ ಒಳಗೆ ಬರುತ್ತದೆ? ಹೋದ ವರ್ಷ ಗೋಡೆಯ ಮೇಲೆ ನೀರಿನ ಕಲೆ ಎಷ್ಟು ಎತ್ತರಕ್ಕೆ ಇತ್ತು? ಇದು ಯಾವ ಇಂಜಿನಿಯರಿಗಿಂತಲೂ ನಿಮಗೇ ಚೆನ್ನಾಗಿ ಗೊತ್ತು, ಯಾಕೆಂದರೆ ಆ ನೀರನ್ನು ಬಳಿದು ಹೊರಗೆ ಹಾಕಿದವರು ನೀವು.

ನೀರು ಎಷ್ಟು ಎಂಬ ಲೆಕ್ಕವನ್ನೂ ಮಾಡೋಣ. 20 ಅಡಿ ಅಗಲ, 25 ಅಡಿ ಉದ್ದದ ಮಾಳಿಗೆ. ಒಂದು ರಾತ್ರಿ 5 ಸೆಂಟಿಮೀಟರ್ ಮಳೆ ಬಂದರೆ ಆ ಮಾಳಿಗೆಯೊಂದರಿಂದಲೇ ಸುಮಾರು 2,300 ಲೀಟರ್ ನೀರು ಇಳಿಯುತ್ತದೆ. 15 ಲೀಟರಿನ ಕೊಡದ ಲೆಕ್ಕದಲ್ಲಿ 150 ಕೊಡಕ್ಕೂ ಹೆಚ್ಚು. ಒಬ್ಬರು ನಿಂತು 150 ಕೊಡ ನೀರನ್ನು ನಿಮ್ಮ ಗೋಡೆಯ ಬುಡಕ್ಕೆ ಸುರಿದರೆ ನೀವು ಸುಮ್ಮನಿರುತ್ತೀರಾ? ದೋಣಿ, ಪೈಪು ಇಲ್ಲದ ಮಾಳಿಗೆ ಅದನ್ನೇ ಮಾಡುತ್ತದೆ.

ಮಣ್ಣನ್ನೂ ನೋಡಬೇಕು. ನಮ್ಮಲ್ಲಿ ಎರೆಭೂಮಿ ಬಹಳ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ವರ್ಷ ವರ್ಷ ಹೀಗೆ ಉಬ್ಬಿ ಕುಗ್ಗಿ ಬುನಾದಿಯನ್ನು ಅಲ್ಲಾಡಿಸುತ್ತದೆ. ಗೋಡೆ ಸೀಳಲು ಗೌಂಡಿಯ ತಪ್ಪೇ ಕಾರಣವಿರಬೇಕಿಲ್ಲ, ಬುಡದಲ್ಲಿ ನಿಂತ ನೀರೂ ಇರಬಹುದು. ಆದ್ದರಿಂದ ಮನೆಯ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಹೊರಗಡೆ ಇಳಿಜಾರು ಇರುವಂತೆ ಕಲ್ಲು ಅಥವಾ ಕಾಂಕ್ರೀಟು ಹಾಸಿಸಿದರೆ ಬುನಾದಿಗೆ ದೊಡ್ಡ ರಕ್ಷಣೆ.

ಎರಡನೆಯದು: ಯಾವ ಕೆಲಸಕ್ಕೆ ಯಾರು

ಗಟಾರ, ಕಟ್ಟೆ, ಮಾಳಿಗೆ, ಕುಂಬಿ ಕೆಲಸಕ್ಕೆ ಗೌಂಡಿ. ಮಾಳಿಗೆಯಿಂದ ಇಳಿಯುವ ಪೈಪು, ಬಚ್ಚಲ ಪೈಪಿಗೆ ಪ್ಲಂಬರ್. ತಗಡಿನ ಕೆಳಗಿನ ಕಬ್ಬಿಣದ ಪೈಪು, ಹುಕ್ಕುಗಳಿಗೆ ವೆಲ್ಡಿಂಗ್ ಅಂಗಡಿಯವರು. ಕರೆಂಟಿನ ಸರ್ವಿಸ್ ವೈರು ತಗಡಿಗೆ ತಾಗುತ್ತಿದ್ದರೆ ಅದನ್ನು ಗೌಂಡಿಯಾಗಲಿ ಮನೆಯವರಾಗಲಿ ಮುಟ್ಟಬಾರದು. ಜೆಸ್ಕಾಂ ಲೈನ್‌ಮನ್‌ಗೆ ಹೇಳಬೇಕು, 1912ಕ್ಕೆ ಫೋನು ಮಾಡಬೇಕು. ಒಬ್ಬನೇ ಬಂದು ‘ಎಲ್ಲಾ ನಾನೇ ಮಾಡ್ತೀನಿ ಬಿಡ್ರಿ’ ಅಂದರೆ ಸ್ವಲ್ಪ ಯೋಚಿಸಿ.

ಊರಿನವರನ್ನೇ ಕರೆಯಿರಿ ಎಂದು ನಾವು ಹೇಳುವುದು ಅಭಿಮಾನದಿಂದ ಮಾತ್ರ ಅಲ್ಲ. ಊರಿನ ಗೌಂಡಿಗೆ ಹಳ್ಳ ಯಾವ ಕಡೆ ಇದೆ, ಎಲ್ಲಿ ಎರೆ, ಎಲ್ಲಿ ಮಸಾರಿ ಎಂಬುದು ಗೊತ್ತು. ಕೆಲಸ ಕೆಟ್ಟರೆ ನಾಳೆ ಅದೇ ಬೀದಿಯಲ್ಲಿ ನಿಮ್ಮ ಮುಖ ನೋಡಬೇಕು. ಆದರೆ ಊರಿನವನು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕೊಡಲೂ ಬೇಡಿ. ಅವನು ಹಿಂದೆ ಮಾಡಿದ ಎರಡು ಮನೆಗಳಿಗೆ ಹೋಗಿ ಆ ಮನೆಯ ಹೆಣ್ಣುಮಕ್ಕಳನ್ನೇ ಕೇಳಿ: ಮಳೆ ಬಂದಾಗ ಹೆಂಗೈತಿ? ಸೋರತೈತೇನು? ಕರೆದಾಗ ಮತ್ತೆ ಬಂದನೇನು? ಇಬ್ಬರು ಮೂವರ ಹತ್ತಿರ ದರ ಕೇಳಿ. ಎಲ್ಲರಿಗೂ ಒಂದೇ ಕೆಲಸದ ಪಟ್ಟಿಯನ್ನು ಹೇಳಿ ಕೇಳಬೇಕು. ಒಬ್ಬರಿಗೆ ಗಟಾರ ಮಾತ್ರ ಹೇಳಿ, ಇನ್ನೊಬ್ಬರಿಗೆ ಗಟಾರದ ಜೊತೆ ಕಟ್ಟೆಯನ್ನೂ ಹೇಳಿದರೆ ಯಾವುದು ಕಡಿಮೆ ಎಂದು ತಿಳಿಯುವುದು ಹೇಗೆ? ಬಹಳ ಕಡಿಮೆ ದರ ಹೇಳಿದವರನ್ನು ‘ಇಷ್ಟರಲ್ಲಿ ಸಿಮೆಂಟು ಎಷ್ಟು ಚೀಲ ಹಾಕ್ತೀಯಪ್ಪ?’ ಎಂದು ಕೇಳಿ. ಉತ್ತರ ಬರದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ಮೂರನೆಯದು: ಚೀಟಿ ಮತ್ತು ಹಣ

ಬಾಯಿಮಾತು ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಮಗ ಅಥವಾ ಮಗಳ ನೋಟುಪುಸ್ತಕದ ಒಂದು ಹಾಳೆ ಸಾಕು. ಏನು ಕೆಲಸ, ಎಷ್ಟು ಅಡಿ, ಸಾಮಾನು ಯಾರದು, ಕೂಲಿ ಎಷ್ಟು, ಎಷ್ಟು ದಿನದಲ್ಲಿ ಮುಗಿಸಬೇಕು, ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂದು ಬರೆಯಿರಿ. ಇಬ್ಬರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಸಂಘದ ಇಬ್ಬರು ಸಾಕ್ಷಿ ಇರಲಿ. ನೀರು ಎಲ್ಲಿಗೆ ಹೋಗಬೇಕು ಎಂಬ ಆ ಒಂದು ಸಾಲನ್ನು ನಾವು ಬರೆಸಿದ್ದರೆ ಆ ತಾಯಿಯ ಗೋಡೆ ಬೀಳುತ್ತಿರಲಿಲ್ಲ.

ಸಾಧ್ಯವಾದರೆ ಸಿಮೆಂಟು, ಉಸುಕು, ಖಡಿ, ಪೈಪುಗಳನ್ನು ನೀವೇ ಅಂಗಡಿಯಿಂದ ತಂದು ಬಿಲ್ಲು ಇಟ್ಟುಕೊಳ್ಳಿ. ಕೂಲಿಯನ್ನು ಕೆಲಸ ಸಾಗಿದಂತೆ ಕೊಡಿ. ಶುರುವಿಗೆ ಸ್ವಲ್ಪ, ಅರ್ಧ ಆದಾಗ ಸ್ವಲ್ಪ, ಮುಗಿದಾಗ ಉಳಿದದ್ದು. ಹತ್ತರಲ್ಲಿ ಒಂದು ಪಾಲನ್ನು ಮೊದಲ ದೊಡ್ಡ ಮಳೆ ಬಂದು ನೋಡಿದ ಮೇಲೆ ಕೊಡುತ್ತೇವೆ ಎಂದು ಮೊದಲೇ ಒಪ್ಪಿಸಿ. ಮಳೆ ತಡವಾದರೆ ಗಟಾರದ ಮೇಲ್ಗಡೆಯಿಂದ 10 ಕೊಡ ನೀರು ಸುರಿದು ನೋಡಿ. ಎಲ್ಲಿಯೂ ನಿಲ್ಲದೆ ಹೋದರೆ ಅವನ ದುಡ್ಡನ್ನು ಅವತ್ತೇ ಕೊಟ್ಟುಬಿಡಿ. ನಮ್ಮ ಹಣ ನಮಗೆ ಹೇಗೋ ಅವನ ಬೆವರು ಅವನಿಗೆ ಹಾಗೆ.

ನಾಲ್ಕನೆಯದು: ಕೆಲಸ ನಡೆಯುವಾಗ ಏನು ನೋಡಬೇಕು

ಗಟಾರಕ್ಕೆ ವಾಟ, ಅಂದರೆ ಇಳಿಜಾರು, ಮುಖ್ಯ. 10 ಅಡಿ ಉದ್ದಕ್ಕೆ ಒಂದೂವರೆಯಿಂದ ಎರಡು ಇಂಚು ಇಳಿಯಬೇಕು. ಕಣ್ಣಳತೆ ಸಾಲದು. ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಹಿಡಿದು ಗುರುತು ಹಾಕಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಮಾಳಿಗೆಗೆ 8 ಅಡಿಗೆ ಒಂದು ಇಂಚಿನಷ್ಟಾದರೂ ಇಳಿಜಾರು ಬೇಕು. ಸಿಮೆಂಟು ಕೆಲಸಕ್ಕೆ ಕಡಿಮೆಯೆಂದರೆ 7 ದಿನ ನೀರು ಉಣಿಸಬೇಕು. ಅದು ಗೌಂಡಿಯ ಕೆಲಸವಲ್ಲ, ನಮ್ಮದು.

ಬಚ್ಚಲ ನೀರಿಗೆ ಇಂಗುಗುಂಡಿ ಮಾಡಿಸುವವರು ಮೊದಲು ಒಂದು ಅಡಿ ಆಳದ ಸಣ್ಣ ಕುಣಿ ತೋಡಿ, ಸಂಜೆ ನೀರು ತುಂಬಿ, ಬೆಳಿಗ್ಗೆ ನೋಡಿ. ನೀರು ಹಾಗೇ ನಿಂತಿದ್ದರೆ ಅದು ಎರೆಮಣ್ಣು, ಇಂಗುಗುಂಡಿ ಬೇಗ ತುಂಬಿ ನಾರುತ್ತದೆ. ಅಂಥಲ್ಲಿ ಆ ನೀರನ್ನು ಬಾಳೆ, ಕೆಸವು, ಕೈತೋಟಕ್ಕೆ ಹರಿಸುವುದು ಅಥವಾ ಊರ ಗಟಾರಕ್ಕೆ ಸೇರಿಸುವುದು ಒಳ್ಳೆಯದು. ಮಸಾರಿ ಮಣ್ಣಿನಲ್ಲಿ ಇಂಗುಗುಂಡಿ ಚೆನ್ನಾಗಿ ನಡೆಯುತ್ತದೆ. ಗುಂಡಿ ಮನೆಯ ಗೋಡೆಯಿಂದ 10 ಅಡಿ, ಬಾವಿ, ಬೋರ್‌ವೆಲ್‌ನಿಂದ 50 ಅಡಿ ದೂರವಿರಲಿ. ಕುಡಿಯುವ ನೀರಿನ ಪೈಪು ಗಟಾರದೊಳಗೆ ಹಾಯದಿರಲಿ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಜನ ಸತ್ತರು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಊರೇ ಕಾಯಿಲೆ ಬಿದ್ದು ಒಂದು ಮಗು ತೀರಿಕೊಂಡಿತು. ಹೊಲಸು ನೀರು, ಕುಡಿಯುವ ನೀರು ಎಲ್ಲಿಯೂ ಕೂಡಬಾರದು.

ಇನ್ನು ಬಿರುಗಾಳಿ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗಾಳಿಗೆ ತಗಡು ಹಾರುತ್ತವೆ. ಹಾರದಿರಲಿ ಎಂದು ನಾವು ಮೇಲೆ ಕಲ್ಲು ಇಡುತ್ತೇವೆ. ಗಾಳಿ ತಗಡನ್ನು ಎತ್ತಿದಾಗ ಆ ಕಲ್ಲು ಬೀಳುವುದು ಕೆಳಗೆ ಮಲಗಿದ ನಮ್ಮ ಮಕ್ಕಳ ಮೇಲೆ. ದಯವಿಟ್ಟು ಕಲ್ಲು ಇಳಿಸಿ. ಕೆಳಗಿನ ಪೈಪಿಗೆ ತಗಡನ್ನು ಜೆ-ಹುಕ್ಕು, ರಬ್ಬರ್ ವಾಷರ್ ಹಾಕಿ ಬಿಗಿಸಲಿ. ಅಂಚಿನಲ್ಲಿ ಹುಕ್ಕುಗಳು ಹತ್ತಿರ ಹತ್ತಿರ ಇರಲಿ, ಗಾಳಿ ಹಿಡಿಯುವುದು ಅಂಚಿನಿಂದಲೇ. ಹುಕ್ಕು ತಗಡಿನ ಉಬ್ಬಿನ ಮೇಲೆ ಬರಬೇಕು, ತಗ್ಗಿನಲ್ಲಿ ಹಾಕಿದರೆ ಅದೇ ತೂತಿನಿಂದ ಸೋರುತ್ತದೆ. ಆ ಪೈಪುಗಳೂ ಗೋಡೆಯೊಳಗೆ ಭದ್ರವಾಗಿ ಕೂತಿರಬೇಕು. ಇಲ್ಲದಿದ್ದರೆ ತಗಡು ಪೈಪನ್ನು ಕಟ್ಟಿಕೊಂಡೇ ಹಾರುತ್ತದೆ.

ಐದನೆಯದು: ಯಾರಿಂದಲೂ ಮಾಡಿಸಬಾರದ ಕೆಲಸ

ಇದನ್ನು ನಾವು ಕೈಮುಗಿದು ಹೇಳುತ್ತೇವೆ. ಮಳೆಗಾಲದ ಮೊದಲು ಪಾಯಿಖಾನೆ ಗುಂಡಿ, ಮುಚ್ಚಿದ ಗಟಾರ ಬಳಿಸಬೇಕು ಎಂದು ಯಾರೋ ಒಬ್ಬ ಬಡವನನ್ನು ಕರೆದು, ಕುಡಿಯಲು ದುಡ್ಡು ಕೊಟ್ಟು, ಒಳಗೆ ಇಳಿಸುತ್ತಾರೆ. ಒಳಗಿನ ವಿಷಗಾಳಿಗೆ ಅವನು ಸಾಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. 2013ರ ಕಾಯ್ದೆಯ ಪ್ರಕಾರ ಹೀಗೆ ಅಪಾಯಕಾರಿಯಾಗಿ ಬಳಿಸಿದವರಿಗೆ ಮೊದಲನೆಯ ಸಲವೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ ಹೇಳಿದೆ. 30 ಲಕ್ಷ ಬಂದರೂ ಅಪ್ಪ ಬರುವುದಿಲ್ಲ. ಊರಾಡಳಿತದ ಕಚೇರಿಗೆ ಹೋಗಿ ಹೀರುವ ಗಾಡಿ ತರಿಸಿ. ಎರಡು ದಿನ ತಡವಾದರೂ ಚಿಂತೆಯಿಲ್ಲ.

ಆರನೆಯದು: ದುಡಿಯುವವರ ಪಾಲು

ಈ ಸಭೆಯಲ್ಲಿ ಕೂತಿರುವ ಎಷ್ಟೋ ಜನ ನೀವೇ ಗೌಂಡಿಗಳ ಕೈಕೆಳಗೆ ಗಾರೆ ಕಲಸಿ, ಬುಟ್ಟಿ ಹೊತ್ತವರು. ನಾವು ಆ ಗೋಡೆ ಕಟ್ಟಿಸಿದಾಗ ಹಾಜರಿ ಪುಸ್ತಕದಲ್ಲಿ ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು ಕೂಲಿ ಎಂದು ರೂಢಿಯಂತೆ ಬರೆದಿದ್ದೆವು. ಗೌಂಡಿಯ ಹೆಂಡತಿ ಕೇಳಿದಳು: ‘ಸಿಸ್ಟರ್, ಅವನ ಜೋಡಿ ಬಂದ ಗಂಡಾಳು ಹೊತ್ತಷ್ಟೇ ಬುಟ್ಟಿ ನಾನೂ ಹೊತ್ತೀನಿ. ನನಗ್ಯಾಕ ಕಮ್ಮಿ?’ ಸಮಾನತೆಯ ತರಬೇತಿ ಕೊಡುವವರು ನಾವು. ತಲೆ ತಗ್ಗಿಸಿ ಪುಸ್ತಕ ತಿದ್ದಿದೆವು. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದು 1976ರಿಂದಲೇ ಈ ದೇಶದ ಕಾನೂನಿನಲ್ಲಿದೆ. ಮೊದಲು ನಮ್ಮ ಅಂಗಳದಲ್ಲಿ ಅದು ಜಾರಿಯಾಗಲಿ.

ಕಟ್ಟಡ ಕೆಲಸ ಮಾಡುವವರು, ಗಂಡಾಗಲಿ ಹೆಣ್ಣಾಗಲಿ, ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ನಿಮ್ಮ ಮನೆಯಲ್ಲಿ ದುಡಿದವರು ದೃಢೀಕರಣ ಕೇಳಿದರೆ, ಇದ್ದ ದಿನದಷ್ಟು ನಿಜವಾಗಿ ಬರೆದುಕೊಡಿ. ಜಾರ್ಖಂಡ್ ರಾಜ್ಯದಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಗೌಂಡಿಗಳು ಸಾಲದಾದಾಗ ನಿಮ್ಮಂಥ ಸಂಘದ ಹೆಣ್ಣುಮಕ್ಕಳೇ ಕೆಲಸ ಕಲಿತು ಕಟ್ಟಿದರು. ಅವರನ್ನು ಅಲ್ಲಿ ‘ರಾಣಿ ಮಿಸ್ತ್ರಿ’ ಎಂದು ಕರೆಯುತ್ತಾರೆ. ಕೇರಳದ ಕುಟುಂಬಶ್ರೀಯಲ್ಲೂ ಮನೆ ಕಟ್ಟುವ ಮಹಿಳಾ ತಂಡಗಳಿವೆ. ಬುಟ್ಟಿ ಹೊತ್ತ ಕೈಗೆ ಕರಣಿ ಹಿಡಿಯಲು ಬರುವುದಿಲ್ಲವೇ?

ಕೊನೆಯದು: ಸಂಘ ಏನು ಮಾಡಬೇಕು

ಮನೆ ಬಿದ್ದರೆ ಸರಕಾರ ಕೊಡುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಕೊಡುತ್ತದೆ. ಆದರೆ 2022-23ರಿಂದ 2025-26ರವರೆಗಿನ ಕೇಂದ್ರದ ಮಾನದಂಡದಲ್ಲಿ ಭಾಗಶಃ ಹಾನಿಯಾದ ಕಚ್ಚಾ ಮನೆಗೆ 4,000, ಪಕ್ಕಾ ಮನೆಗೆ 6,500 ರೂಪಾಯಿ. ಅದೂ ಕಡಿಮೆಯೆಂದರೆ ಶೇಕಡಾ 15ರಷ್ಟು ಹಾನಿಯಾಗಿರಬೇಕು. ರಾಜ್ಯ ಸರಕಾರ ಕೆಲವು ಸಲ ಹೆಚ್ಚು ಸೇರಿಸಿ ಕೊಟ್ಟದ್ದೂ ಇದೆ. ಆ ಹಣಕ್ಕೆ ಫೋಟೋ, ಪಂಚನಾಮೆ, ಅಲೆದಾಟ ಎಷ್ಟು ಎಂಬುದು ನಿಮಗೆ ಗೊತ್ತು. ಹಿಂದೆ ಉದ್ಯೋಗ ಖಾತರಿಯಲ್ಲಿ ಅನೇಕ ಮನೆಗಳಿಗೆ ಬಚ್ಚಲುಗುಂಡಿ ಆಗಿವೆ. ಈಗ ಯಾವ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಗುಂಪಾಗಿ ಹೋಗಿ ಕೇಳಿ. ಒಬ್ಬರು ಹೋದರೆ ‘ನಾಳೆ ಬಾ’ ಅನ್ನುತ್ತಾರೆ, ಹತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ.

ಮೊತ್ತಕ್ಕೆ ಗುತ್ತಿಗೆ ಹಿಡಿದು, ಹಣ ಪಡೆದು, ಕೆಲಸ ಕೆಡಿಸಿ ಓಡಿಹೋದವರ ಮೇಲೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವಿಲ್ಲ. ಅಲ್ಲಿ ಕೇಳುವುದು ಚೀಟಿ, ಬಿಲ್ಲು. ನಮ್ಮ ಹತ್ತಿರ ಅವೆರಡೂ ಇರಲಿಲ್ಲ, ಅದಕ್ಕೇ ನಾವು ಹೋಗಲಿಲ್ಲ.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಮೂರು ಠರಾವು ಬರೆಯಲಿ ಎಂದು ನಮ್ಮ ವಿನಂತಿ. ಒಂದು, ಊರಿನ ಒಳ್ಳೆಯ ಗೌಂಡಿ, ಪ್ಲಂಬರ್, ವೆಲ್ಡರುಗಳ ಹೆಸರು, ಅವರು ಮಾಡಿದ ಕೆಲಸ ಹೇಗಿದೆ ಎಂಬ ಪಟ್ಟಿ. ಎರಡು, ಮಳೆಗೆ ಮೊದಲು ಮನೆ ದುರಸ್ತಿಗೆ ಸಂಘದ ಆಂತರಿಕ ಸಾಲದಲ್ಲಿ ಮೊದಲ ಆದ್ಯತೆ. ಐದಾರು ಮನೆಯವರು ಕೂಡಿ ಒಬ್ಬನೇ ಗೌಂಡಿಗೆ ಕೆಲಸ ಕೊಟ್ಟರೆ ದರವೂ ಕಡಿಮೆಯಾಗುತ್ತದೆ, ಒಬ್ಬರ ನೀರು ಇನ್ನೊಬ್ಬರ ಗೋಡೆಗೆ ಹೋಗುವುದೂ ತಪ್ಪುತ್ತದೆ. ಮೂರು, ಸಂಘದಲ್ಲಿ ಅತ್ಯಂತ ದುರ್ಬಲ ಗೋಡೆ ಯಾರ ಮನೆಯದು ಎಂದು ನೋಡಿ, ಆ ಮನೆಯಿಂದಲೇ ಕೆಲಸ ಶುರು. ಅಧ್ಯಕ್ಷೆಯ ಮನೆಯಿಂದ ಅಲ್ಲ.

ಹನಿ ಹನಿ ಕೂಡಿದರೆ ಹಳ್ಳ ಎಂದು ಉಳಿತಾಯದ ಬಗ್ಗೆ ನಾವು ಯಾವಾಗಲೂ ಹೇಳುತ್ತೇವೆ. ಆ ಹಳ್ಳ ಎಲ್ಲಿಗೆ ಹರಿಯಬೇಕು ಎಂದು ನೋಡುವುದೂ ಸಂಘದ ಕೆಲಸವೇ. ಆ ತಾಯಿ ಈಗಲೂ ನಮ್ಮ ಸಂಘದಲ್ಲಿದ್ದಾರೆ. ಮಳೆ ಮೋಡ ಕಟ್ಟಿದಾಗಲೆಲ್ಲ ನಾವು ಮೊದಲು ನೋಡುವುದು ಅವರ ಹಿಂದಿನ ಗೋಡೆಯನ್ನು. ಗೋಡೆ ಗಟ್ಟಿಯಾಗಿ ನಿಂತಿದೆ. ನಿಮ್ಮ ನಿಮ್ಮ ಓಣಿಯಲ್ಲೂ ಅಂಥದೊಂದು ಗೋಡೆ ಇದ್ದೇ ಇರುತ್ತದೆ. ಇವತ್ತು ಮನೆಗೆ ಹೋಗುವಾಗ ಅದರ ಬುಡವನ್ನು ಒಮ್ಮೆ ನೋಡಿಕೊಂಡು ಹೋಗಿ.